ಬಯಾಸ್ ರೀಸೆಟ್ ಆಯ್ತು, ಫ್ಯಾನ್ ಕೂಗ್ತಿದೆ: ಸ್ಕ್ರೂಡ್ರೈವರ್‌ಗೆ ಮುಂಚೆ ಥರ್ಮಾಮೀಟರ್

ನಾಗಪುರದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಚಿಕ್ಕದು, ಆದರೆ ಮನೆಯಿಂದ ಕೆಲಸ ಮಾಡುವವರ ನೆಮ್ಮದಿ ಕೆಡಿಸುವಂಥದ್ದು.

ದೀಪಾವಳಿಗೆ ಊರಿಗೆ ಹೋಗ್ತೀರಿ. ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡ್ತೀರಿ. ಹತ್ತು ದಿನ ಬಿಟ್ಟು ಬಂದು ಪಿಸಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಎಫ್1 ಒತ್ತಿ’ ಅನ್ನುವ ಸೂಚನೆ. ಒತ್ತಿದರೆ ವಿಂಡೋಸ್ ಬರುತ್ತೆ, ಆದರೆ ಫ್ಯಾನ್‌ಗಳು ಮಿಕ್ಸಿ ಥರ ಕೂಗ್ತವೆ. ಮೀಟಿಂಗ್‌ನಲ್ಲಿ ಮೈಕ್ ಆನ್ ಮಾಡೋ ಹಾಗಿಲ್ಲ.

ಆಗಿದ್ದೇನು? ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನುವ 3 ವೋಲ್ಟ್ ನಾಣ್ಯದಾಕಾರದ ಬ್ಯಾಟರಿ ಇರುತ್ತೆ. ಪಿಸಿಗೆ ಕರೆಂಟ್ ಸಿಗ್ತಿರೋವರೆಗೆ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಮೇನ್ ಸ್ವಿಚ್ ಆಫ್ ಆದ ಮೇಲೆ ಗಡಿಯಾರವನ್ನೂ ಎಷ್ಟೋ ಬೋರ್ಡ್‌ಗಳಲ್ಲಿ ಸೆಟ್ಟಿಂಗ್‌ಗಳನ್ನೂ ಅದೇ ಕಾಯಬೇಕು. ಅದು ಸೋತರೆ ಬಯಾಸ್ ಎಲ್ಲ ಮರೆತು ಕಾರ್ಖಾನೆಯ ಸ್ಥಿತಿಗೆ ಹೋಗುತ್ತೆ. ತಾರೀಖು, ಸಮಯವೂ ತಪ್ಪಾಗಿದ್ದರೆ ಅನುಮಾನವೇ ಬೇಡ, ಬ್ಯಾಟರಿ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ. ಬ್ಯಾಟರಿ ಸರಿಯಿದ್ದರೂ ಬಯಾಸ್ ಅಪ್‌ಡೇಟ್ ಮಾಡಿದಾಗ ಇದೇ ಕತೆ ಆಗಬಹುದು.

ಹೊಸ ಫ್ಯಾನ್ ಆರ್ಡರ್ ಮಾಡುವ ಮುಂಚೆ, ಥರ್ಮಲ್ ಪೇಸ್ಟ್ ಕೆರೆಯುವ ಮುಂಚೆ ಒಂದೇ ಒಂದು ಕೆಲಸ ಮಾಡಿ: ಪ್ರೊಸೆಸರ್ ಉಷ್ಣಾಂಶ ನೋಡಿ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಕಮಾಂಡ್ ಸಾಕು. ಬಯಾಸ್ ಪರದೆಯಲ್ಲಿ ಕಾಣುವ ಸಂಖ್ಯೆ ನಂಬಿ ಕೂರಬೇಡಿ. ಅಲ್ಲಿ ಪ್ರೊಸೆಸರ್ ಪೂರ್ತಿ ವಿಶ್ರಾಂತಿಗೆ ಹೋಗಲ್ಲ, ಹಾಗಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತೆ.

ಸದ್ದು ಜಾಸ್ತಿ ಇದ್ದು ಉಷ್ಣಾಂಶ ಕಡಿಮೆ ಇದ್ದರೆ ದೋಷ ಸೆಟ್ಟಿಂಗ್‌ನಲ್ಲಿದೆ. ಸದ್ದೂ ಜಾಸ್ತಿ, ಉಷ್ಣಾಂಶವೂ ಜಾಸ್ತಿ ಅಂದರೆ ಫ್ಯಾನ್ ತನ್ನ ಕೆಲಸ ಮಾಡ್ತಿದೆ, ಬಿಸಿ ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು. ಇವೆರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗೀತು.

ಮೊದಲನೆಯದು ನೋಡೋಣ. ಕೇಸ್ ತೆರೆದು ಫ್ಯಾನ್ ವೈರ್‌ಗೆ ಎಷ್ಟು ಪಿನ್ ಇದೆ ಎಣಿಸಿ. ನಾಲ್ಕು ಪಿನ್ ಇದ್ದರೆ ನಾಲ್ಕನೆಯದು ವೇಗ ಹೇಳುವ ಪಿಡಬ್ಲ್ಯೂಎಂ ಸಂಕೇತ. ಮೂರೇ ಪಿನ್ ಇದ್ದರೆ ವೇಗ ಇಳಿಸೋಕೆ ವೋಲ್ಟೇಜನ್ನೇ ಇಳಿಸಬೇಕು, ಬಯಾಸ್‌ನಲ್ಲಿ ಅದಕ್ಕೆ ‘ಡಿಸಿ’ ಮೋಡ್ ಅಂತಾರೆ. ರೀಸೆಟ್ ಆದ ಮೇಲೆ ಆ ಕನೆಕ್ಟರ್ ಪಿಡಬ್ಲ್ಯೂಎಂಗೆ ಹೋಗಿದ್ದರೆ ಮೂರು ಪಿನ್ ಫ್ಯಾನ್‌ಗೆ ಸದಾ 12 ವೋಲ್ಟ್ ಸಿಗುತ್ತೆ, ಅದು ಸದಾ ಪೂರ್ತಿ ವೇಗದಲ್ಲಿ ಓಡುತ್ತೆ. ಕೇಸ್ ಜೊತೆ ಬಂದ ಅಗ್ಗದ ಫ್ಯಾನ್‌ಗಳು ಎಷ್ಟೋ ಸಲ ಮೂರು ಪಿನ್‌ನವೇ. ಡಿಸಿ ಮಾಡಿ, ಸೇವ್ ಮಾಡಿ. ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಲಿಕ್ವಿಡ್ ಕೂಲರ್ ಇದ್ದವರು ಪಂಪ್ ಕನೆಕ್ಟರ್ ಮಾತ್ರ ಮುಟ್ಟಬೇಡಿ, ಅದು ಪೂರ್ತಿ ವೇಗದಲ್ಲಿ ಇದ್ದರೇ ಒಳ್ಳೆಯದು.

ಫ್ಯಾನ್ ಒಂದೇ ಸಮನೆ ಕೂಗದೆ, ಬ್ರೌಸರ್ ತೆರೆದಾಗೆಲ್ಲ ಏರಿ ಇಳಿದು ಮಾಡ್ತಿದ್ದರೆ ಅದು ಫ್ಯಾನ್ ಕರ್ವ್ ವಿಷಯ. ಆಸುಸ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತೆ. ಅಲ್ಲಿ ‘ಸ್ಟೆಪ್ ಅಪ್’, ‘ಸ್ಟೆಪ್ ಡೌನ್’ ಅನ್ನುವ ವಿಳಂಬ ಸಮಯ ಇದ್ದರೆ ಕೆಲವು ಸೆಕೆಂಡ್ ಕೊಡಿ.

ಈಗ ಎರಡನೆಯದು, ನಿಜಕ್ಕೂ ಬಿಸಿ ಆಗ್ತಿರೋದು. ನೀವು ಹಿಂದೆ ಪ್ರೊಸೆಸರ್‌ನ ವಿದ್ಯುತ್ ಮಿತಿ ಇಳಿಸಿದ್ದರೆ ಅದೂ ಹೋಗಿರುತ್ತೆ. ಉದಾಹರಣೆಗೆ ಐ5-12400ಕ್ಕೆ ಇಂಟೆಲ್ ಹೇಳುವ ಮೂಲ ಮಿತಿ 65 ವ್ಯಾಟ್, ಟರ್ಬೋದಲ್ಲಿ 117. ಕೆಲವು ಬೋರ್ಡ್‌ಗಳು ಈ ಮಿತಿಗಳನ್ನೇ ತೆಗೆದುಹಾಕಿ ಓಡಿಸ್ತವೆ. ಮಿತಿ ವಾಪಸ್ ಹಾಕಿ, ಬಿಸಿಯೂ ಇಳಿಯುತ್ತೆ, ಸದ್ದೂ ಇಳಿಯುತ್ತೆ. ಇದಾದ ಮೇಲೂ ಇಳಿಯದಿದ್ದರೆ ಧೂಳು, ಪೇಸ್ಟ್ ಕಡೆ ಹೋಗಿ.

ಇಲ್ಲಿ ನಾಗಪುರದ ಮಾತು ಬರುತ್ತೆ. ಗಾಳಿಯಿಂದ ತಣಿಸುವ ಯಾವ ಕೂಲರ್ ಕೂಡ ಕೋಣೆಗಿಂತ ತಣ್ಣಗೆ ಮಾಡಲಾರದು. ಅದೇ ಕೆಲಸ, ಅದೇ ಫ್ಯಾನ್ ವೇಗ ಇದ್ದು, ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ 72 ಇದ್ದರೆ, ಇಲ್ಲಿನ 40 ಡಿಗ್ರಿ ಕೋಣೆಯಲ್ಲಿ ಸುಮಾರು 85. ಮೇ ಕೊನೆಯ ನವತಪದಲ್ಲಿ ಹೊರಗೆ 45 ದಾಟುವ ಊರಿದು. ಹಾಗಾಗಿ ಬೆಂಗಳೂರಲ್ಲಿ ಹೊಂದಿಸಿಕೊಂಡ ಕರ್ವ್ ಇಲ್ಲಿಗೆ ಹೊಂದಲ್ಲ. ಇನ್ನೊಂದು ತಮಾಷೆ ಏನಂದ್ರೆ, ಬೇಸಿಗೆಯಲ್ಲಿ ಹುಲ್ಲಿನ ಪ್ಯಾಡ್‌ನ ದೊಡ್ಡ ಏರ್ ಕೂಲರ್ ಮುಂದೆ ಪಿಸಿ ಫ್ಯಾನ್ ಕೇಳೋದೇ ಇಲ್ಲ. ಮಳೆ ಬಂದು ಕೂಲರ್ ನಿಲ್ಲಿಸಿದ ದಿನವೇ ನಮಗೆ ಅದರ ಸದ್ದು ಗೊತ್ತಾಗೋದು. ಕಿವಿ ನಂಬಬೇಡಿ, ಸಂಖ್ಯೆ ನೋಡಿ.

ನಾನು ಎರಡು ಪ್ರೊಫೈಲ್ ಇಟ್ಟುಕೊಂಡಿದ್ದೀನಿ. ಬೇಸಿಗೆಯದು: 55 ಡಿಗ್ರಿವರೆಗೆ 35 ಶೇಕಡಾ ವೇಗ, 70ಕ್ಕೆ 55, 80ಕ್ಕೆ 80, 90ಕ್ಕೆ ಪೂರ್ತಿ. ಚಳಿಗಾಲದ್ದು ಇದಕ್ಕಿಂತ ಮೆತ್ತಗೆ. ನಿಮ್ಮ ಕೂಲರ್ ಬೇರೆ, ಸಂಖ್ಯೆಗಳೂ ಬೇರೆ ಆಗಬಹುದು. ಆದರೆ ಸದ್ದು ಬೇಡ ಅಂತ ಮೇಲಿನ ತುದಿಯನ್ನು ಮಾತ್ರ ಕತ್ತರಿಸಬೇಡಿ. ಹಾಗೆ ಮಾಡಿದರೆ ಪ್ರೊಸೆಸರ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತೆ, ಬಿಲ್ಡ್ ಎರಡರಷ್ಟು ಹೊತ್ತು ತಗೊಂಡರೆ ಯಾಕೆ ಅಂತ ತಿಳಿಯದೆ ತಲೆ ಕೆಡಿಸಿಕೊಳ್ತೀರಿ.

ಇನ್ನೊಂದು ಗಂಭೀರ ವಿಷಯ. ಫ್ಯಾನ್ ಕೂಗೋದು ಕಿವಿಗೆ ಬೀಳುತ್ತೆ, ಉಳಿದ ಬದಲಾವಣೆ ಬೀಳಲ್ಲ. ವರ್ಚುವಲೈಸೇಶನ್ ಆಫ್ ಆಗಿದ್ದರೆ ಡಾಕರ್, ಡಬ್ಲ್ಯೂಎಸ್‌ಎಲ್ 2 ಏಳೋದಿಲ್ಲ. ಎಕ್ಸ್‌ಎಂಪಿ ಹೋಗಿದ್ದರೆ ರ್‍ಯಾಮ್ ನಿಧಾನವಾಗಿ ಓಡುತ್ತೆ. ಬಿಟ್‌ಲಾಕರ್ ಇದ್ದರೆ ಬ್ಯಾಟರಿ ತೆಗೆಯುವ ಮುಂಚೆ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಕೀ ಇಲ್ಲದೆ ಅದು ಕೇಳಿದರೆ, ಹೊಸ ಫ್ಯಾನ್ ಕೊಂಡರೂ ಫೋಟೋಗಳು ವಾಪಸ್ ಬರಲ್ಲ. ಕಂಪನಿಯ ಯಂತ್ರ ಆದರೆ ಬಯಾಸ್‌ಗೆ ಕೈ ಹಾಕದೆ ಐಟಿ ಸಪೋರ್ಟ್‌ನವರಿಗೆ ಹೇಳಿ.

ಇವತ್ತು ರಾತ್ರಿ ಐದು ನಿಮಿಷ ಮಾಡಿಕೊಳ್ಳಿ. ಬಯಾಸ್‌ಗೆ ಹೋಗಿ ಪ್ರತಿ ಪುಟದ ಫೋಟೋ ಫೋನ್‌ನಲ್ಲಿ ತೆಗೆದಿಡಿ. ಬಯಾಸ್ ಒಳಗಿನ ಪ್ರೊಫೈಲ್ ಅಪ್‌ಡೇಟ್‌ನಲ್ಲಿ ಅಳಿಸಿಹೋಗಬಹುದು, ಫೋನ್‌ನಲ್ಲಿರೋ ಫೋಟೋ ಉಳಿಯುತ್ತೆ. ಮುಂದಿನ ಸಲ ಊರಿಂದ ಬಂದಾಗ ಪಿಸಿ ಕೂಗಿದರೆ, ಚಹಾ ಕುದಿಯೋಷ್ಟರಲ್ಲಿ ಸರಿ ಮಾಡಿಕೊಳ್ತೀರಿ.