ಔದಾರ್ಯವೂ ಆದಾಯವೂ



ಔದಾರ್ಯದಿಂದ ಉದ್ಯಮವು ವರ್ಧಿಸುವುದೇ ಎಂಬ ವಿವಾದವು ಎದ್ದಾಗಲೆಲ್ಲ ನನ್ನ ಮನಸ್ಸು ನಾಗಪುರದ ಎಂಪ್ರೆಸ್ ಗಿರಣಿಯತ್ತ ಹರಿಯುತ್ತದೆ. 1877ರಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಆರಂಭಿಸಿದ ಆ ಗಿರಣಿಗೆ ಹತ್ತಿಯ ಕೊರತೆಯಿರಲಿಲ್ಲ. ಇಂದು ಮಗ್ಗದ ಮುಂದೆ ನಿಂತವನು ನಾಳೆಯೂ ಬಂದಾನೆಂಬ ಭರವಸೆ ಮಾತ್ರ ಇರಲಿಲ್ಲ. ಜುಲ್ಮಾನೆ ಹಾಕುವುದೇ ಯಜಮಾನಿಕೆಯೆಂದು ಲೋಕವು ತಿಳಿದಿದ್ದ ಆ ಕಾಲದಲ್ಲಿ ಅವರು ಕೆಲಸಗಾರರಿಗೆ ಗಡಿಯಾರವನ್ನೂ ಚಿನ್ನದ ಸರವನ್ನೂ ಬಹುಮಾನವಾಗಿತ್ತರು. 1886ರಲ್ಲಿ ಪಿಂಚಣಿ ನಿಧಿಯನ್ನು ಸ್ಥಾಪಿಸಿದರು. ಸರ್ಕಾರದ ಕಾಯಿದೆಯು 1923ರಲ್ಲಿ ವಿಧಿಸಿದ ಅಪಘಾತ ಪರಿಹಾರವನ್ನು 1895ರಲ್ಲಿಯೇ ಕೊಡತೊಡಗಿದರು. ಗಿರಣಿಯು ಬೆಳೆಯಿತು, ಲಾಭವೂ ಬಂದಿತು.

ಇಲ್ಲಿಯೇ ತಕರಾರು. ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರವನ್ನು ಬೋಧಿಸಿದ ಮೇಷ್ಟರು, ಕೋಟಿನ ತೋಳಿಗಂಟಿದ ಸೀಮೆಸುಣ್ಣವನ್ನು ಕೊಡವುತ್ತ, ಈ ವೃತ್ತಾಂತದಿಂದ ಗೀತೆಯ ಹದಿನೇಳನೆಯ ಅಧ್ಯಾಯಕ್ಕೆ ಹೊರಳುತ್ತಿದ್ದರು. ಪ್ರತ್ಯುಪಕಾರವನ್ನು ಬಯಸಿ ಕೊಟ್ಟದ್ದು ರಾಜಸ ದಾನವೆಂದ ಮೇಲೆ, ಹಾಜರಿಯನ್ನು ಬಯಸಿ ಕೊಟ್ಟ ಗಡಿಯಾರವು ಔದಾರ್ಯವೇ, ಮುಂಗಡವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ತರಗತಿಯನ್ನು ಮುಗಿಸುತ್ತಿದ್ದರು.

ಆ ಪೂಜ್ಯರಿಗೆ ಅಂದು ಹೇಳಲಾರದ ಉತ್ತರವು ನನಗೆ ಆಮೇಲೆ ಜಮ್‌ಷೆಡ್‌ಪುರದ ಚರಿತ್ರೆಯಲ್ಲಿ ದೊರೆಯಿತು. 1924ರಲ್ಲಿ ಅಲ್ಲಿನ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ಸಂಬಳ ಕೊಡಲೂ ಹಣವಿಲ್ಲದಾದಾಗ, ಜಮ್‌ಷೆಟ್‌ಜಿಯವರ ಮಗ ದೊರಾಬ್‌ಜಿ ಟಾಟಾ ಅವರು ಪತ್ನಿ ಮೆಹರ್‌ಬಾಯಿಯವರ ಜ್ಯೂಬಿಲಿ ವಜ್ರವೂ ಸೇರಿದಂತೆ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಮುಳುಗುವ ಸಂಸ್ಥೆಗಾಗಿ ಮನೆಯ ಒಡವೆಯನ್ನು ಒಡ್ಡಿದವನು ಯಾವ ಲಾಭವನ್ನು ಲೆಕ್ಕಹಾಕಿದ್ದಾನು?

ಆದರೆ ಅದೇ ಊರಿನಲ್ಲಿ, 1912ರಿಂದಲೇ ಎಂಟು ಗಂಟೆಗಳ ದುಡಿಮೆಯ ನಿಯಮವಿದ್ದರೂ, 1920ರಲ್ಲಿ ಮುಷ್ಕರವಾಯಿತು. 1928ರಲ್ಲಿ ಇನ್ನೂ ದೀರ್ಘವಾದ ಮುಷ್ಕರವಾಗಿ, ಸುಭಾಷಚಂದ್ರ ಬೋಸರು ನಡುವೆ ನಿಲ್ಲಬೇಕಾಯಿತು. ಇದನ್ನು ಕೃತಘ್ನತೆಯೆನ್ನುವವರೊಡನೆ ನಾನು ಸಮ್ಮತಿಸಲಾರೆ. ಕೊಡುವವನು ಸದಾ ಮೇಲೆಯೇ, ಕೊಳ್ಳುವವನು ಸದಾ ಕೆಳಗೆಯೇ ಇರುವಲ್ಲಿ ಉಪಕಾರವಿದ್ದೀತು, ಬಾಂಧವ್ಯವಿರದು. ಕೇಳುವ ಬಾಯಿಗೂ ಕೊಡುವ ಕೈಯಷ್ಟೇ ಮಾನ್ಯತೆ ದೊರೆತಲ್ಲಿ ಮಾತ್ರ ದುಡಿಯುವವನು ಸಂಸ್ಥೆಯನ್ನು ತನ್ನದೆಂದು ಭಾವಿಸುತ್ತಾನೆ. 1934ರಲ್ಲಿ ಆ ಕಾರ್ಖಾನೆಯ ಲಾಭದಲ್ಲಿಯೇ ಕಾರ್ಮಿಕರಿಗೆ ಪಾಲು ದೊರೆತುದನ್ನು ನಾನು ಈ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದೆಂದೆಣಿಸುತ್ತೇನೆ.

ಹಾಗಾದರೆ, ನಿನ್ನೆಯ ದಾನವು ಇಂದಿನ ಹಕ್ಕಾದಾಗ ಔದಾರ್ಯವು ಅಳಿಯಿತೆನ್ನಬೇಕೇ, ಸಾರ್ಥಕವಾಯಿತೆನ್ನಬೇಕೇ? ಫಲವನ್ನು ಬಯಸದೆ ಕೊಟ್ಟರೇ ಫಲ ಬರುವುದೆಂದು ಬಲ್ಲ ಯಜಮಾನನು ಬಯಸದಿರುವುದಾದರೂ ಹೇಗೆ?