ಅವಳಿ ಬಸಿರು: ಒಂದು ರಾತ್ರಿಯ ಬೆಲೆ
(ಸಂಘದ ಕುಟುಂಬ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ. ಪೆಂಡುರ್ತಿಯಲ್ಲಿ ಮನೆ ಮಾಡಿಕೊಂಡು ದುಡಿಯುವ ನಿಮ್ಮಂಥವನೇ. ವೈದ್ಯರಿಂದ ಕೇಳಿ ತಿಳಿದುದನ್ನೂ ಮನೆಯಲ್ಲಿ ಅನುಭವಿಸಿದುದನ್ನೂ ಅರಿಕೆಮಾಡುತ್ತೇನೆ.

ನನ್ನ ಸೊಸೆಗೆ ಅವಳಿ ಬಸಿರು. ಏಳು ತುಂಬಿ ಎಂಟಕ್ಕೆ ಬಿದ್ದಾಗ ಒಂದು ಸಂಜೆ ಸೊಂಟನೋವೆಂದಳು; ಹೊಟ್ಟೆ ಬಿಗಿದು ಬಿಗಿದು ಸಡಿಲವಾಗುತ್ತದೆಂದಳು. “ದಿನ ತುಂಬಿಲ್ಲ, ವಾಯು ಇರಬೇಕು” ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸಿದೆವು. ಬೆಳಗಿನ ಜಾವ ನೀರೊಡೆಯಿತು. ಆಸ್ಪತ್ರೆ ಮುಟ್ಟಿದ ಗಂಟೆಯೊಳಗೆ ಹೆರಿಗೆಯಾಯಿತು. ಎರಡರಲ್ಲಿ ಒಂದು ಕೂಸು ಉಳಿಯಿತು.

ಬಸಿರಿನ ಪೂರ್ಣಾವಧಿ 40 ವಾರ. 37 ವಾರಕ್ಕೆ ಮೊದಲಿನ ಹೆರಿಗೆ ಅಕಾಲದ್ದು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು ಹೀಗೆಯೇ ಹುಟ್ಟುತ್ತವೆ. ಎರಡು ಕೂಸುಗಳ ಭಾರಕ್ಕೆ ಗರ್ಭಕೋಶ ಬೇಗ ಹಿಗ್ಗುವುದು ಇದಕ್ಕೊಂದು ಕಾರಣ. ಇಂಥ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ತಾಯಿಗೆ ಮೊದಲೇ ಚುಚ್ಚುಮದ್ದು ಕೊಟ್ಟರೆ ಅದು ಬಲಿಯುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಎಂಬ ವೈದ್ಯರು 1972ರಲ್ಲಿ ತೋರಿಸಿಕೊಟ್ಟರು. ಆದರೆ ಅದರ ಪೂರ್ಣ ಗುಣಕ್ಕೆ ಸುಮಾರು ಒಂದು ದಿನ ಬೇಕು. ನಾವು ಕಷಾಯಕ್ಕೆ ಕೊಟ್ಟ ರಾತ್ರಿ ಆ ಮದ್ದಿಗೆ ಸಲ್ಲಬೇಕಾಗಿತ್ತು.

ಆದುದರಿಂದ ಹೇಳುವುದಿಷ್ಟು. ಬಿಟ್ಟುಬಿಟ್ಟು ಬರುವ ಬಿಗಿತ, ಬಿಡದ ಸೊಂಟನೋವು, ಕೆಳಹೊಟ್ಟೆಯಲ್ಲಿ ಒತ್ತಡ, ನೀರು ಅಥವಾ ರಕ್ತ ಕಾಣುವುದು, ಇವುಗಳಲ್ಲಿ ಒಂದಾದರೂ ಸರಿಯೆ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನು ಮಾಡಿ. ಎಳೆಗೂಸುಗಳ ವಿಶೇಷ ಚಿಕಿತ್ಸಾ ವಿಭಾಗವಿರುವ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಕಡೆಯವರಿಗೆ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿದರೆ ಅವಳಿಯೆಂಬುದೂ, ಎರಡಕ್ಕೂ ಕಸ ಒಂದೆಯೋ ಬೇರೆಯೋ ಎಂಬುದೂ ತಿಳಿಯುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದರೆ ಅಕಾಲದ ಹೆರಿಗೆ ತಪ್ಪುತ್ತದೆಂಬುದಕ್ಕೆ ಆಧಾರವಿಲ್ಲ. ಭಾರ ಹೊರಿಸದಿದ್ದರೆ ಸಾಕು.

ದುಡಿಯುವ ಸೋದರಿಯರಿಗೆ ಇನ್ನೊಂದು ಮಾತು. 1961ರ ಕಾನೂನಿನಿಂದ ಬಂದ ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿತು. ಆಗಲೇ ಇಬ್ಬರು ಮಕ್ಕಳಿದ್ದರೆ 12 ವಾರವೇ. ಅಕಾಲದ ಹೆರಿಗೆಯಿಂದ ಅಸ್ವಸ್ಥರಾದರೆ ಇನ್ನೊಂದು ತಿಂಗಳ ಸಂಬಳದ ರಜೆಗೂ ಹಕ್ಕುಂಟು. ಇದು ದಯೆಯಲ್ಲ, ಕೇಳಿ ಪಡೆಯಿರಿ.

ಉಳಿದ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಜೊತೆಯಲ್ಲಿ ಇನ್ನೊಬ್ಬಳು ಹೋಗಬೇಕಿತ್ತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.