ಅಣಬೆ ಪುಡಿ ಮತ್ತು ಕ್ಯಾನ್ಸರ್: ಡಬ್ಬಿಯನ್ನು ಮುಚ್ಚಿಡಬೇಡಿ

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನಡೆದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿ ಮಾಡಿದ ಭಾಷಣ)



ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಬರುವ ಕೆಲವರು ನನ್ನನ್ನು ಬದಿಗೆ ಕರೆದು, ಚೀಲದಿಂದ ಒಂದು ಡಬ್ಬಿ ತೆಗೆದು ತೋರಿಸುತ್ತಾರೆ. "ಸಿಸ್ಟರ್, ಇದು ಅಣಬಿ ಪುಡಿ ಅಂತ್ರಿ. ತಗೊಂಡ್ರ ಕ್ಯಾನ್ಸರ್ ಗಂಟು ಕರಗತೈತಿ ಅಂತಾರ. ಖರೇ ಏನ್ರಿ?"

ಹೀಗೆ ಕೇಳಿದ ಒಬ್ಬ ರೈತರನ್ನು ನಾನು ಮರೆತಿಲ್ಲ. ಅವರ ಹೆಂಡತಿಗೆ ಸ್ತನ ಕ್ಯಾನ್ಸರ್ ಇತ್ತು. ಎರಡು ಕಿಮೋ ಆಗಿದ್ದವು. ಅಂದು ವಾರ್ಡಿನಲ್ಲಿ ಬಹಳ ಕೆಲಸವಿತ್ತು. "ಅದೆಲ್ಲ ಸುಳ್ಳು, ತಗೋಬ್ಯಾಡ್ರಿ" ಎಂದು ಗದರಿಸಿ ಕಳಿಸಿದೆ. ಅವರು ಮತ್ತೆ ನನ್ನನ್ನು ಕೇಳಲಿಲ್ಲ. ಕಬ್ಬಿನ ಬಿಲ್ಲಿನ ಹಣದಲ್ಲಿ ಪುಡಿ ಕೊಂಡರು, ಮೂರನೆಯ ಕಿಮೋ ಬಿಟ್ಟರು. ಎರಡು ತಿಂಗಳ ನಂತರ ಬಂದಾಗ ಗಂಟು ಮತ್ತೆ ದೊಡ್ಡದಾಗಿತ್ತು. ಚಿಕಿತ್ಸೆ ಪುನಃ ಶುರುವಾಯಿತು. ಆದರೆ ಹೋದ ಎರಡು ತಿಂಗಳು ತಿರುಗಿ ಬರಲಿಲ್ಲ. ಅವರಿಗೆ ಅಂದು ವಿವರಿಸಿ ಹೇಳದ ಮಾತನ್ನು ಇಂದು ನಿಮಗೆ ಹೇಳುತ್ತೇನೆ.

ಸಂಶೋಧನೆ ಏನು ಹೇಳುತ್ತದೆ?

ಅಣಬೆಯ ಮೇಲೆ ಸಂಶೋಧನೆ ನಡೆದಿರುವುದು ನಿಜ. ಡಬ್ಬಿಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರು ಗ್ಯಾನೋಡರ್ಮಾ, ಅಂದರೆ ರೇಶಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಗ್ಯಾನೋಡರ್ಮಾ ಹೊಸದಲ್ಲ. ಅಡಿಕೆ ಮರದ ಬುಡಕ್ಕೆ ಹತ್ತಿ ಮರವನ್ನೇ ಒಣಗಿಸುವ 'ಅಣಬೆ ರೋಗ' ಬರುವುದು ಇದರಿಂದಲೇ.

ಅಣಬೆಯಲ್ಲಿ ಬೀಟಾ ಗ್ಲುಕಾನ್ ಎಂಬ ಅಂಶವಿದೆ. ನಮ್ಮ ರಕ್ತದ ಬಿಳಿ ಕಣಗಳು ಅದನ್ನು ಹೊರಗಿನದೆಂದು ಗುರುತಿಸಿ ಎಚ್ಚರಗೊಳ್ಳುತ್ತವೆ. ಎಚ್ಚರಗೊಂಡ ಈ ಕಣಗಳು ಕ್ಯಾನ್ಸರ್ ವಿರುದ್ಧವೂ ಕೆಲಸ ಮಾಡಬಹುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ. ಕೇರಳದ ತ್ರಿಶ್ಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಡಾ. ಕೆ. ಕೆ. ಜನಾರ್ದನನ್ ಮತ್ತು ಸಂಗಡಿಗರು ಭಾರತದ ಕಾಡು ಅಣಬೆಗಳ ಸಾರವನ್ನು ಪರೀಕ್ಷಿಸಿದರು. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು. ಆದರೆ ಇಲಿಯಲ್ಲಿ ಕಂಡ ಗುಣ ಮನುಷ್ಯರಲ್ಲಿಯೂ ಕಾಣುತ್ತದೆ ಎನ್ನುವಂತಿಲ್ಲ.

ಜಪಾನಿನಲ್ಲಿ ಒಂದು ಅಣಬೆಯಿಂದ ತೆಗೆದ ಕ್ರೆಸ್ಟಿನ್ ಎಂಬ ಔಷಧಕ್ಕೆ 1977ರಲ್ಲಿ, ಶಿಟಾಕೆ ಅಣಬೆಯ ಲೆಂಟಿನಾನ್ ಚುಚ್ಚುಮದ್ದಿಗೆ 1985ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯ ವೈದ್ಯರು ಇವನ್ನು ಕಿಮೋದ ಜೊತೆಗೆ ಕೊಟ್ಟರು, ಕಿಮೋದ ಬದಲಿಗೆ ಅಲ್ಲ.

ಇನ್ನು ರೇಶಿ. ಕೊಕ್ರೇನ್ ಸಂಸ್ಥೆ 2016ರಲ್ಲಿ 5 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಅವುಗಳಲ್ಲಿದ್ದ ರೋಗಿಗಳು 373 ಜನ. ಕಿಮೋ ಅಥವಾ ವಿಕಿರಣ ಚಿಕಿತ್ಸೆಯ ಜೊತೆಗೆ ರೇಶಿ ಪಡೆದವರಲ್ಲಿ ಚಿಕಿತ್ಸೆಗೆ ಸ್ಪಂದನೆ ಸ್ವಲ್ಪ ಹೆಚ್ಚು ಕಂಡಿತು. ರೇಶಿ ಒಂದನ್ನೇ ಕೊಟ್ಟಾಗ ಅಷ್ಟು ಪರಿಣಾಮ ಕಾಣಲಿಲ್ಲ. ಇದರಿಂದ ಆಯುಷ್ಯ ಹೆಚ್ಚುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲ.

ಗಿಡದಿಂದ ಔಷಧ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಅಂಗಳದಲ್ಲಿ ಬೆಳೆಯುವ ಕಾಶಿ ಕಣಗಿಲೆಯಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕಿಮೋ ಔಷಧ ಬಂದಿದೆ. ಹಾಗೆಂದು ಅದರ ಎಲೆ ಅಗಿದರೆ ಕ್ಯಾನ್ಸರ್ ಗುಣವಾಗದು, ವಿಷವಾದೀತು. ಔಷಧದ ಅಂಶವನ್ನು ಬೇರ್ಪಡಿಸಿ, ಪ್ರಮಾಣ ಗೊತ್ತು ಮಾಡಿ, ಮನುಷ್ಯರಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಚಿಕಿತ್ಸೆ. ಸಂತೆಯಲ್ಲಿ ಮಾರುವ ಪುಡಿ ಈ ದಾರಿಯನ್ನು ದಾಟಿ ಬಂದಿಲ್ಲ.

ಅಪಾಯ ಎಲ್ಲಿದೆ?

ರೇಶಿ ಪುಡಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ವರದಿಗಳಿವೆ. ಕಿಮೋ ಔಷಧಗಳಲ್ಲಿ ಹಲವನ್ನು ಅರಗಿಸುವುದೂ ಲಿವರೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಕಿಮೋದಿಂದ ಪ್ಲೇಟ್‌ಲೆಟ್ ಇಳಿದವರಿಗೆ ರಕ್ತಸ್ರಾವದ ಭಯವೂ ಉಂಟು. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಏಳುವ ಅಣಬೆಯನ್ನು ಔಷಧವೆಂದು ಕೊಡಲೇಬೇಡಿ. ಕೆಲವು ಜಾತಿಯ ವಿಷ ಕುದಿಸಿದರೂ ಹೋಗುವುದಿಲ್ಲ.

ಬೆಳೆಸಿದ ಚಿಪ್ಪು ಅಣಬೆ, ಹಾಲು ಅಣಬೆಯನ್ನು ಚೆನ್ನಾಗಿ ಬೇಯಿಸಿ ಪಲ್ಯ ಮಾಡಿ ಉಂಡರೆ ಅದು ಒಳ್ಳೆಯ ಆಹಾರ, ಅಷ್ಟೇ. ಮನೆತನದಲ್ಲಿ ಅಣಬೆ ತಿನ್ನುವ ರೂಢಿ ಇಲ್ಲದವರು ಚಿಂತಿಸಬೇಕಿಲ್ಲ. ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಮೊಸರಿನಿಂದಲೂ ಶಕ್ತಿ ಬರುತ್ತದೆ.

ನೀವು ಮಾಡಬೇಕಾದದ್ದು

1. ಕಿಮೋ ಅಥವಾ ವಿಕಿರಣ ಚಿಕಿತ್ಸೆಯ ಒಂದು ಸರದಿಯನ್ನೂ ನೀವಾಗಿಯೇ ಬಿಡಬೇಡಿ. ತ್ರಾಸವಾದರೆ ಡಾಕ್ಟರಿಗೆ ಹೇಳಿ.

2. ಯಾವುದೇ ಪುಡಿ, ಕಷಾಯ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಬ್ಬಿ ಸಹಿತ ತಂದು ತೋರಿಸಿ.

3. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ವಸಡಿನಲ್ಲಿ ರಕ್ತ ಬಂದರೆ, ಪುಡಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ.

4. ಸಾಲ ಮಾಡಿ ಪುಡಿ ಕೊಳ್ಳಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ.

ತಾಯಂದಿರೇ, ಅಣ್ಣಂದಿರೇ, ಮನೆಯವರ ಜೀವ ಉಳಿಯಲಿ ಎಂಬ ಆಸೆಯಿಂದಲೇ ನೀವು ಆ ಡಬ್ಬಿ ಕೊಳ್ಳುತ್ತೀರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸೆರಗಿನಲ್ಲಿ ಮುಚ್ಚಿ ತರಬೇಡಿ, ಮೇಜಿನ ಮೇಲೆ ಇಡಿ. ನಾವು ಗದರಿಸುವುದಿಲ್ಲ, ಕೂತು ಮಾತಾಡೋಣ.